ಎಕ್ಕಿ ಗಿಡದ ಪಾತರಗಿತ್ತಿ: ಕುಂಚಪಾದ ಚಿಟ್ಟೆಗಳು, ಹಳೆಯ ಚಿತ್ರಗಳು, ಸೂಜಿ ಚುಚ್ಚಿದ ಪೆಟ್ಟಿಗೆಗಳು



ಪಾತರಗಿತ್ತಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಫೋನಿನಲ್ಲಿ ಒಂದು ಗಳಿಗೆ ಸುಮ್ಮನಾದರು. ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಏಕೀಕರಣ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ‘ಬೇಂದ್ರೆ ಅಜ್ಜ ಹೇಳಿದ ಮ್ಯಾಲೆ ಇನ್ನೇನು ಉಳದದರೀ?’ ಎಂದು ಒಬ್ಬರು ನಕ್ಕರು. ಬೇಂದ್ರೆಯವರು ಪಕ್ಕದ ಬಗ್ಗೆ ಹಾಡಿದರು. ಕಾಲಿನ ಕಥೆ ಉಳಿದಿದೆ.

ಹುಳಕ್ಕೆ ಆರು ಕಾಲು ಎಂದು ಶಾಲೆಯಲ್ಲಿ ಕಲಿತಿದ್ದೀರಿ. ಎಕ್ಕಿ ಗಿಡದ ಸುತ್ತ ನಿಧಾನಕ್ಕೆ ತೇಲುವ ಕೇಸರಿ ಬಣ್ಣದ ಪಾತರಗಿತ್ತಿ ಇದೆಯಲ್ಲ, ರೆಕ್ಕೆಯ ತುದಿಗೆ ಕಪ್ಪು, ಕಪ್ಪಿನ ಮೇಲೆ ಬಿಳಿ ಪಟ್ಟಿ, ಅದು ಕುಳಿತಾಗ ಎಣಿಸಿ. ನಾಲ್ಕೇ ಕಾಲು ಸಿಗುತ್ತವೆ. ಮುಂದಿನ ಎರಡು ಗಿಡ್ಡಾಗಿ ಎದೆಗೆ ಮಡಚಿಕೊಂಡಿರುತ್ತವೆ. ಈ ಬಳಗದ ಹಲವು ಚಿಟ್ಟೆಗಳಲ್ಲಿ ಆ ಗಿಡ್ಡ ಕಾಲಿನ ತುಂಬ ಕೂದಲು, ಚಿತ್ರಗಾರನ ಸಣ್ಣ ಕುಂಚದ ಹಾಗೆ. ಅದಕ್ಕೇ ಇವು ಕುಂಚಪಾದ ಚಿಟ್ಟೆಗಳು. ಶಾಸ್ತ್ರದಲ್ಲಿ ನಿಂಫಾಲಿಡೆ ಕುಟುಂಬ. ಜಗತ್ತಿನಲ್ಲಿ ಸುಮಾರು 6,000 ಜಾತಿ. ನಡೆಯಲು ಬಾರದ ಈ ಕಾಲು ದಂಡಕ್ಕೆ ಇಲ್ಲ. ಮೊಟ್ಟೆ ಇಡುವ ಮುಂಚೆ ಹೆಣ್ಣು ಚಿಟ್ಟೆ ಈ ಕಾಲಿನಿಂದ ಎಲೆಯನ್ನು ತಟತಟ ಬಡಿದು ರುಚಿ ನೋಡುತ್ತದೆ. ಇದು ಎಕ್ಕಿಯೋ ಅಲ್ಲವೋ ಎಂದು ನಿರ್ಧಾರವಾಗುವುದು ಅಲ್ಲಿ.

ಎಕ್ಕಿಯ ಹಾಲು ವಿಷ. ಎಲೆ ತಿಂದ ಮರಿ ಆ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಹಕ್ಕಿಗಳು ಒಮ್ಮೆ ರುಚಿ ನೋಡಿದರೆ ಮತ್ತೆ ಹತ್ತಿರ ಬರುವುದಿಲ್ಲ. ನಾವು ಎಕ್ಕಿ ಹೂವನ್ನು ಹನುಮಪ್ಪನಿಗೆ ಮಾಲೆ ಮಾಡಿ ಹಾಕುತ್ತೇವೆ. ಎಲೆಗಳನ್ನು ಈ ಮರಿಗೆ ಬಿಟ್ಟಿದ್ದೇವೆ.

ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಎನ್ನುವ ಇದೇ ಚಿಟ್ಟೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಯ ಮೇಲೂ ಇದೆ. ಈಜಿಪ್ಟಿನ ಥೀಬ್ಸ್‌ನಲ್ಲಿ ನೆಬಮುನ್ ಎಂಬ ಅಧಿಕಾರಿಯ ಗೋರಿಯೊಳಗೆ ಬರೆದ ಚಿತ್ರವನ್ನು ಅಲ್ಲಿಗೆ ಒಯ್ದಿದ್ದಾರೆ. ನೆಬಮುನ್ ಜೊಂಡಿನ ನಡುವೆ ದೋಣಿಯಲ್ಲಿ ನಿಂತು ಹಕ್ಕಿ ಬೇಟೆಯಾಡುತ್ತಿದ್ದಾನೆ. ಹಕ್ಕಿಗಳ ನಡುವೆ ಈ ಚಿಟ್ಟೆಗಳು. ಕ್ರಿಸ್ತಪೂರ್ವ 1350ರ ಸುಮಾರಿನದು. ಜಾತಿ ಗುರುತಿಸುವಷ್ಟು ಸ್ಪಷ್ಟವಾಗಿ ಬರೆದ ಚಿಟ್ಟೆಯ ಅತಿ ಹಳೆಯ ಚಿತ್ರಗಳಲ್ಲಿ ಇದೊಂದು. ಹೆಸರು ಸಿಕ್ಕಿದ್ದು ಬಹಳ ತಡವಾಗಿ, 1758ರಲ್ಲಿ, ಸ್ವೀಡನ್ನಿನ ಲಿನೇಯಸ್‌ನಿಂದ. ಆತ ತನ್ನ ಕಾಲದ ಎಲ್ಲ ಹಗಲು ಚಿಟ್ಟೆಗಳನ್ನೂ ಪಾಪಿಲಿಯೊ ಎಂಬ ಒಂದೇ ಹೆಸರಿನಡಿ ತುಂಬಿದ, ಎಲ್ಲ ಕಾಳನ್ನೂ ಒಂದೇ ಹಗೇವಿಗೆ ಸುರಿದಂತೆ.

ಕುಂಚದ ಮಾತು ಬಂದಾಗ ಒಂದು ಮೋಸದ ಕಥೆಯನ್ನೂ ಹೇಳಿಬಿಡುತ್ತೇನೆ. ಇದು ಕುಂಚಪಾದದ ಚಿಟ್ಟೆಯಲ್ಲ, ಹಳದಿ ಚಿಟ್ಟೆ. ಇಂಗ್ಲೆಂಡಿನಿಂದ ಬಂದ ಈ ವಿಚಿತ್ರ ನಮೂನೆಯ ರೆಕ್ಕೆಯ ಮೇಲೆ ಕಪ್ಪು ಚುಕ್ಕೆ, ನೀಲಿ ಚಂದ್ರ. ಲಿನೇಯಸ್ ಅದಕ್ಕೆ ‘ಎಕ್ಲಿಪ್ಸಿಸ್’ ಎಂದು ಹೊಸ ಹೆಸರಿಟ್ಟು ತನ್ನ ಪುಸ್ತಕದ 1767ರ ಆವೃತ್ತಿಗೆ ಸೇರಿಸಿದ. ಚುಕ್ಕೆ, ಚಂದ್ರ ಎರಡನ್ನೂ ಯಾರೋ ಬಣ್ಣದಲ್ಲಿ ಬರೆದಿದ್ದರು ಎಂದು 1793ರಲ್ಲಿ ಅವನ ಶಿಷ್ಯ ಫ್ಯಾಬ್ರಿಸಿಯಸ್ ಕಂಡುಹಿಡಿದ. ನಮ್ಮ ಕಿನ್ನಾಳದ ಚಿತ್ರಗಾರರ ಕೈಗೆ ಕೊಟ್ಟಿದ್ದರೆ ಅಷ್ಟು ವರ್ಷ ಹಿಡಿಯುತ್ತಿರಲಿಲ್ಲ.

ಆದರೆ ಯಾರೂ ಮೋಸ ಮಾಡದೆಯೂ ಸೂಜಿ ಚುಚ್ಚಿದ ಚಿಟ್ಟೆಗಳ ಪೆಟ್ಟಿಗೆ ನಮಗೆ ಸುಳ್ಳು ಹೇಳಬಲ್ಲದು. ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿ ಪೀಟರ್ ಕ್ರಾಮರ್ 1775ರಲ್ಲಿ ಪರದೇಶದ ಚಿಟ್ಟೆಗಳ ಚಿತ್ರಸಂಪುಟವನ್ನು ಹೊರತರಲು ತೊಡಗಿದ. ಹಡಗಿನಲ್ಲಿ ಬಂದ ಒಣ ಚಿಟ್ಟೆಗಳನ್ನು ಮುಂದಿಟ್ಟುಕೊಂಡು ಗೆರಿಟ್ ವಾರ್ಟೆನಾರ್ ಲ್ಯಾಂಬರ್ಟ್ಸ್ ಎಂಬ ಕಲಾವಿದ ಬರೆದ. ಅದನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿ, ಒಂದೊಂದು ಹಾಳೆಗೂ ಕೈಯಿಂದ ಬಣ್ಣ ತುಂಬಿದರು. ಕ್ರಾಮರ್ ಮರುವರ್ಷವೇ ತೀರಿಕೊಂಡ. ಸ್ಟಾಲ್ ಎಂಬವನು 1782ಕ್ಕೆ ಮುಗಿಸಿದ. 1,600ಕ್ಕೂ ಹೆಚ್ಚು ಜಾತಿ. ಔಡಲದ ಎಲೆ ತಿಂದು ಬೆಳೆಯುವ ಕಂದು ಗೆರೆಯ ಕ್ಯಾಸ್ಟರ್ ಚಿಟ್ಟೆಗೆ ಮೆರಿಯೋನ್ ಎಂಬ ಹೆಸರು ಬಂದದ್ದು ಅಲ್ಲಿಂದ. ಅಚ್ಚಿನ ಕೆಲಸವಾಗಿ ಆ ಪುಸ್ತಕಕ್ಕೆ ಕೈ ಮುಗಿಯಬೇಕು. ಆದರೆ ಬರೆದವನು ಆ ಪರದೇಶದ ಚಿಟ್ಟೆ ಹಾರಿದ್ದನ್ನು ಕಂಡಿರಲಿಲ್ಲ. ಮಳೆಗಾಲದ್ದೋ ಬೇಸಿಗೆಯದ್ದೋ ಎಂದು ಒಣ ರೆಕ್ಕೆಯನ್ನು ಕೇಳುವಂತಿರಲಿಲ್ಲ.

ಗಂಗಾವತಿಯ ಭತ್ತದ ಗದ್ದೆಗೆ ಬನ್ನಿ. ಮುಸ್ಸಂಜೆ ಹಾರುವ ಕಂದು ಚಿಟ್ಟೆ, ಈವ್ನಿಂಗ್ ಬ್ರೌನ್, ಭತ್ತದ ಎಲೆಗೇ ಮೊಟ್ಟೆ ಇಡುತ್ತದೆ. ಮಳೆಗಾಲದಲ್ಲಿ ಇದರ ರೆಕ್ಕೆಯ ಒಳಮೈಯಲ್ಲಿ ಎದ್ದು ಕಾಣುವ ಕಣ್ಣುಚುಕ್ಕೆಗಳು. ಬೇಸಿಗೆ ಬಂತೆಂದರೆ ಚುಕ್ಕೆ ಮಾಸಿ, ಇಡೀ ಚಿಟ್ಟೆ ಒಣಗಿದ ಎಲೆಯಾಗುತ್ತದೆ. ಲಿನೇಯಸ್ ಇದನ್ನು ಲೀಡಾ ಎಂದ. ಬೇಸಿಗೆಯ ವೇಷವನ್ನು ಕ್ರಾಮರ್ ಇಸ್ಮೆನೆ ಎಂದ. ನವಿಲುಗಣ್ಣಿನ ಪೀಕಾಕ್ ಪ್ಯಾನ್ಸಿಗೆ ಲಿನೇಯಸ್ ಒಬ್ಬನೇ, ಒಂದೇ ಪುಸ್ತಕದಲ್ಲಿ, ಅಲ್ಮಾನ ಮತ್ತು ಆಸ್ಟೆರಿ ಎಂದು ಎರಡು ಹೆಸರಿಟ್ಟ. ಒಂದೇ ಎತ್ತಿಗೆ ಮುಂಗಾರಿಯಲ್ಲೊಂದು, ಹಿಂಗಾರಿಯಲ್ಲೊಂದು ಹೆಸರು! 1880ರ ದಶಕದಲ್ಲಿ ಕಲ್ಕತ್ತೆಯ ಲಯನೆಲ್ ಡಿ ನೀಸ್ವಿಲ್ ಕಂದು ಚಿಟ್ಟೆಗಳ ಮೊಟ್ಟೆ ತಂದು ಮರಿ ಸಾಕಿ ನೋಡಿದರು. ಒಂದು ವೇಷದ ತಾಯಿಗೆ ಇನ್ನೊಂದು ವೇಷದ ಮಕ್ಕಳು ಹುಟ್ಟುವುದು ಕಂಡಿತು. ಸೂಜಿ, ಕಾರ್ಕು, ಡಾಂಬರು ಗುಳಿಗೆಗಳಿಂದ ನೂರು ವರ್ಷ ಬಿಡಿಸಲಾಗದ ಒಗಟು ಒಂದು ಕುಂಡದ ಹುಲ್ಲಿನಲ್ಲಿ ಬಿಚ್ಚಿಕೊಂಡಿತು.

ಇನ್ನೊಂದು ಸ್ವಾರಸ್ಯ. ನಾನು ಮೊದಲು ಹೇಳಿದ ಎಕ್ಕಿ ಚಿಟ್ಟೆಯಂತೆಯೇ ಕಾಣುವ ಇನ್ನೊಂದು ಹೆಣ್ಣು ನಿಮ್ಮ ಹೊಲದಲ್ಲಿದೆ. ಮಿಸಿಪ್ಪಸ್, 1764ರಲ್ಲಿ ಲಿನೇಯಸ್ ಸ್ವೀಡನ್ ರಾಣಿಯ ಸಂಗ್ರಹದ ಪುಸ್ತಕದಲ್ಲಿ ಕೊಟ್ಟ ಹೆಸರು. ಇದರ ಗಂಡು ಕಪ್ಪು, ಮೇಲೆ ನೀಲಿ ಅಂಚಿನ ಬಿಳಿ ಚುಕ್ಕೆಗಳು. ಹೆಣ್ಣು ಮಾತ್ರ ವಿಷದ ಚಿಟ್ಟೆಯ ಸೀರೆ ಉಟ್ಟು ಹಕ್ಕಿಗಳನ್ನು ಹೆದರಿಸುತ್ತದೆ. ತನ್ನಲ್ಲಿ ಆ ವಿಷವಿಲ್ಲ. ಪೆಟ್ಟಿಗೆಯಲ್ಲಿ ಗಂಡು ಹೆಣ್ಣುಗಳನ್ನು ಅಕ್ಕಪಕ್ಕ ಇಟ್ಟರೆ ದಂಪತಿ ಎಂದು ಯಾರೂ ನಂಬುವುದಿಲ್ಲ. ಹೆಣ್ಣಿನ ಒಂದು ರೂಪಕ್ಕೆ ಕ್ರಾಮರ್ ಇನಾರಿಯ ಎಂದು ಬೇರೆ ಹೆಸರೇ ಇಟ್ಟ. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಗೂ ಮಿಸಿಪ್ಪಸ್ ಸೇರಿತು. ಅದರ ಮರಿಯ ಊಟ ಯಾವುದು ಗೊತ್ತೇ? ನಾವು ಬದುವಿನಿಂದ ಕಿತ್ತು ತಂದು ಬೇಳೆಗೆ ಹಾಕುವ ಗೋಣಿ ಸೊಪ್ಪು.

ಗಿಡವನ್ನೂ ಮರಿಯನ್ನೂ ಬಿಟ್ಟು ಚಿಟ್ಟೆಯನ್ನು ಬರೆಯಬಾರದು ಎಂದು ಕ್ರಾಮರನಿಗಿಂತ 70 ವರ್ಷ ಮೊದಲೇ ಒಬ್ಬ ಹೆಣ್ಣುಮಗಳು ತೋರಿಸಿದ್ದಳು. ಮರಿಯಾ ಸಿಬಿಲ್ಲಾ ಮೆರಿಯನ್, 1699ರಲ್ಲಿ ಐವತ್ತೆರಡನೆಯ ವಯಸ್ಸಿಗೆ ಮಗಳನ್ನು ಕಟ್ಟಿಕೊಂಡು ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದವಳು. 1705ರಲ್ಲಿ ಅವಳ ಪುಸ್ತಕ ಬಂತು, 60 ಚಿತ್ರಗಳು. ಅದರಲ್ಲಿ ಮಾರ್ಫೊ ಎಂಬ ಹೊಳೆಯುವ ನೀಲಿ ಚಿಟ್ಟೆ ಇದೆ, ಅದೂ ಕುಂಚಪಾದ. ಅದನ್ನು ಅವಳು ಬರೆದದ್ದು ದಾಳಿಂಬೆ ಗಿಡದ ಜೊತೆ. ಕುಷ್ಟಗಿ, ಯಲಬುರ್ಗಾದ ದಾಳಿಂಬೆ ಬೆಳೆಗಾರರು ಯಾರಾದರೂ ಸಭೆಯಲ್ಲಿದ್ದರೆ ಆ ಚಿತ್ರವನ್ನು ಒಮ್ಮೆ ಹುಡುಕಿ ನೋಡಬೇಕು.

ನಮ್ಮ ನಾಡಿನಲ್ಲಿ ಆ ದಾರಿ ಹಿಡಿದವರು ಕಾರವಾರದಲ್ಲಿದ್ದರು. ಜಿಲ್ಲಾಧಿಕಾರಿ ಡೇವಿಡ್ಸನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಉಪ್ಪು ಸುಂಕದ ಇಲಾಖೆಯ ಏಟ್ಕೆನ್. ಮೂವರೂ ಸೇರಿ 1896-97ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದರು. ಯಾವ ಮರಿ ಯಾವ ಗಿಡದ್ದು, ಎಲೆಯ ಎಲ್ಲಿ ಕೂರುತ್ತದೆ, ಕೋಶ ಹೇಗೆ ತೂಗುತ್ತದೆ ಎಂಬುದೆಲ್ಲ ಅದರಲ್ಲಿದೆ. ಬೆಲ್ ಬಯಲುಸೀಮೆಯ ಚಿಟ್ಟೆಗಳ ಬಗ್ಗೆಯೂ 1909ರಿಂದ ಹದಿನೆಂಟು ವರ್ಷ ಬರೆದರು. ನಿವೃತ್ತಿಯ ನಂತರ ಕಾರವಾರದಲ್ಲೇ ಉಳಿದರು. ಅವರೂ ಕೊಂದು ಸೂಜಿ ಚುಚ್ಚಿದವರೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸಾಕಿದ ಮೇಲೆ ಚುಚ್ಚಿದರು.

ಸೂಜಿ ಚುಚ್ಚಿದ ಚಿಟ್ಟೆಯ ಬೆಲೆ ಇರುವುದು ಅದರ ಕೆಳಗೆ ಅದೇ ಸೂಜಿಗೆ ಸಿಕ್ಕಿಸಿದ, ಉಗುರಿನಷ್ಟಗಲದ ಚೀಟಿಯಲ್ಲಿ. ಊರು, ತಾರೀಕು, ಹಿಡಿದವರ ಹೆಸರು. ಚೀಟಿ ಹೋದರೆ ಅದು ಬರೀ ಅಲಂಕಾರ. ಹಳೆಯ ಪಟ್ಟಿಗಳಲ್ಲಿ ನಾನು ಕಾರವಾರ ಓದಿದ್ದೇನೆ, ಕೊಡಗು, ನೀಲಗಿರಿ ಓದಿದ್ದೇನೆ. ನಿಮ್ಮ ಅಳವಂಡಿಯನ್ನು ಓದಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಿಜಾಮರ ವಿರುದ್ಧ ಹೋರಾಡಿದ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಮುಂಡರಗಿಯಲ್ಲಿ ಶಿಬಿರ ಕಟ್ಟಿದ್ದು ಏಕೆಂದು ನಿಮಗೇ ಗೊತ್ತು. ಆಗ ಮುಂಡರಗಿ ಮುಂಬೈ ಪ್ರಾಂತ್ಯದ್ದು, ಅಳವಂಡಿ ನಿಜಾಮರದ್ದು. ಮುಂಬೈ ಪ್ರಾಂತ್ಯದ ಸಾಹೇಬರ ಬಲೆ ಆ ಗಡಿಯವರೆಗೆ ಬೀಸಿದ್ದೇ ಹೆಚ್ಚು. ಮೇಲಾಗಿ ಅವರಿಗೆ ಕಾಡು ಬೇಕಿತ್ತು. ಎರೆಹೊಲದ ಬದುವಿನಲ್ಲಿ ಯಾರು ಚಿಟ್ಟೆ ಹುಡುಕುತ್ತಾರೆ?

ನೀವು ಹುಡುಕಬೇಕು. ಬಲೆ ಬೇಡ, ಸೂಜಿಯೂ ಬೇಡ. ನೂರು ಹಾಳೆಯ ಒಂದು ನೋಟ್‌ಬುಕ್ ಸಾಕು: ತಾರೀಕು, ಯಾರ ಹೊಲ, ಯಾವ ಗಿಡ, ಎಲೆಯ ಮೇಲೋ ಕೆಳಗೋ. ಚಿತ್ರ ಬರೆಯಲು ಬರುವವರು ಮರಿಯನ್ನೂ ಗಿಡವನ್ನೂ ಸೇರಿಸಿ ಬರೆಯಿರಿ. ಗುರುಗಳು ತಿಂಗಳಿಗೊಮ್ಮೆ ಸಹಿ ಹಾಕಲಿ.

ಈ ಸಭಾಂಗಣದ ಹಿಂದೆ, ಕಂಪೌಂಡಿನ ಬದಿಗೆ ಎರಡು ಎಕ್ಕಿ ಗಿಡಗಳಿವೆ. ಬರುವಾಗ ನೋಡಿದೆ, ಒಂದರ ಎಲೆಗಳಿಗೆ ತೂತು ಬಿದ್ದಿವೆ. ವಂದನಾರ್ಪಣೆ ಮುಗಿದ ಮೇಲೆ ಹುಡುಗರು ಮೊದಲು ಆ ಎಲೆಗಳನ್ನು ಮಗುಚಿ ನೋಡಿ ಬನ್ನಿ. ಹಾಲು ಕಣ್ಣಿಗೆ ತಾಗದಂತೆ ಎಚ್ಚರ. ಕೈ ತೊಳೆದುಕೊಂಡು ಆಮೇಲೆ ಊಟಕ್ಕೆ ಕೂರೋಣ.