ಮನೆಯ ಅಸ್ತವ್ಯಸ್ತತೆ: ದಂಪತಿಗಳೊಡನೆ ನಾಲ್ಕು ಮಾತು

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದೊಡನೆ ಡಾಕ್ಟರು ಮಕ್ಕಳ ಸಂಖ್ಯೆಯ ವಿಚಾರವನ್ನೇ ಎತ್ತುತ್ತಾರೆಂದು ತಾವು ನಿರೀಕ್ಷಿಸಿರಬಹುದು. ಆ ವಿಚಾರಕ್ಕೂ ಬರುತ್ತೇನೆ. ಅದಕ್ಕೆ ಮೊದಲು, ರೋಗವೆಂದು ಯಾರೂ ಕರೆಯದ, ಆದರೆ ನಮ್ಮ ಆರೋಗ್ಯ ಕೇಂದ್ರಕ್ಕೆ ದಿನವೂ ಬರುವ ಒಂದು ತೊಂದರೆಯನ್ನು ಕುರಿತು ಮಾತನಾಡಬಯಸುತ್ತೇನೆ. ಅದು ಮನೆಯ ಅಸ್ತವ್ಯಸ್ತತೆ. ಬೇಕಾದ ವಸ್ತು ಬೇಕಾದಾಗ ಕೈಗೆ ಸಿಗದಿರುವುದು, ಮಾಡಬೇಕಾದ ಕೆಲಸ ಆ ದಿನ ನೆನಪಿಗೆ ಬಾರದಿರುವುದು. ಹಬ್ಬದ ಗಡಿಬಿಡಿಯಲ್ಲಿ ಎಲ್ಲರ ಮನೆಯಲ್ಲಿಯೂ ಹೀಗಾಗುತ್ತದೆ. ವರ್ಷವಿಡೀ ಹೀಗೆಯೇ ನಡೆಯುವ ಮನೆಗಳ ವಿಷಯವನ್ನು ನಾನು ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ತಾಲ್ಲೂಕಿನಲ್ಲಿದ್ದಾಗ, ರಾತ್ರಿ ಹನ್ನೊಂದರ ಸುಮಾರಿಗೆ ಗರ್ಭಿಣಿಯೊಬ್ಬಳನ್ನು ಹೊಟ್ಟೆನೋವೆಂದು ಕರೆತಂದರು. ಜೊತೆಯಲ್ಲಿ ಗಂಡ ಮತ್ತು ಅತ್ತೆ ಇದ್ದರು. ಎಷ್ಟು ತಿಂಗಳಾಯಿತೆಂದು ಕೇಳಿದೆ. ಗಂಡ ಎಂಟು ಎಂದನು; ಅತ್ತೆ ಒಂಬತ್ತು ಎಂದರು. ನೋವಿನಲ್ಲಿದ್ದ ಆಕೆ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ. ತಾಯಿ ಕಾರ್ಡನ್ನು ಕೇಳಿದೆ. "ಟ್ರಂಕೆಲ್ಲ ಸುರಿದು ನೋಡಿದೆವು ಸ್ವಾಮಿ, ಸಿಗಲಿಲ್ಲ" ಎಂದನು ಗಂಡ.

ಎಂಟೋ ಒಂಬತ್ತೋ, ಅದರಿಂದೇನು ಎಂದು ತಮಗೆ ತೋರಬಹುದು. ದಿನ ತುಂಬದ ಶಿಶುವಿನ ಶ್ವಾಸಕೋಶ ಬಲಿತಿರುವುದಿಲ್ಲ. ಮೂವತ್ತನಾಲ್ಕು ವಾರ ತುಂಬುವ ಮುನ್ನವೇ ಹೆರಿಗೆಯಾಗುವ ಸಂಭವ ಕಂಡರೆ, ಶಿಶುವಿನ ಉಸಿರಾಟಕ್ಕೆ ನೆರವಾಗಲೆಂದು ತಾಯಿಗೆ ಒಂದು ಚುಚ್ಚುಮದ್ದನ್ನು ಕೊಡುತ್ತೇವೆ. ಅದನ್ನು ಕೊಡಬೇಕೇ ಬೇಡವೇ ಎಂಬುದು ದಿನಗಳ ಲೆಕ್ಕವನ್ನೇ ಅವಲಂಬಿಸಿದೆ. ಆಕೆ ಕೊನೆಯ ಬಾರಿ ಮುಟ್ಟಾದ ದಿನಾಂಕವೂ ಹೆರಿಗೆಯ ನಿರೀಕ್ಷಿತ ದಿನಾಂಕವೂ ಕಾರ್ಡಿನಲ್ಲಿದ್ದವು. ಸರ್ಕಾರದ ಗಣಕಯಂತ್ರದಲ್ಲಿ ದಾಖಲೆಯಿರುವುದು ನಿಜ. ಆದರೆ ಅದನ್ನು ತೆರೆಯಲು ನಮಗೆ ಬೇಕಾಗಿದ್ದ ಸಂಖ್ಯೆಯೂ ಅದೇ ಕಾರ್ಡಿನ ಮೇಲಿತ್ತು. ಕೈಯಿಂದ ಹೊಟ್ಟೆಯನ್ನು ಪರೀಕ್ಷಿಸಿ, ದಿನ ತುಂಬಿಲ್ಲವೆಂದು ಊಹಿಸಿ, ಚುಚ್ಚುಮದ್ದು ಕೊಟ್ಟು 108ರ ವಾಹನದಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆ. ಮಗು ಬಹಳ ಸಣ್ಣದಾಗಿ ಹುಟ್ಟಿತು. ನವಜಾತ ಶಿಶುಗಳ ಘಟಕದಲ್ಲಿ ಮೂರು ವಾರವಿದ್ದು ಬದುಕಿಕೊಂಡಿತು. ನನ್ನ ಊಹೆ ತಪ್ಪಿದ್ದರೆ ಏನಾಗುತ್ತಿತ್ತೆಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ವಾಹನ ಹೊರಡುವ ಮುನ್ನ ಅತ್ತೆ ನನ್ನೊಡನೆ, "ಇವಳದು ಮೊದಲಿನಿಂದಲೂ ಹೀಗೆಯೇ ಸ್ವಾಮಿ, ಒಂದನ್ನೂ ನೆಟ್ಟಗೆ ಇಡುವವಳಲ್ಲ" ಎಂದರು. ನಾನು ಮಾತನಾಡಲಿಲ್ಲ, ಆದರೆ ಮನಸ್ಸಿನಲ್ಲಿ ಹೌದೆಂದುಕೊಂಡೆ. ಎಂಟು ದಿನಗಳ ಬಳಿಕ ಕಾರ್ಡು ಸಿಕ್ಕಿತು. ಅದಿದ್ದುದು ಗಂಡನ ಮೋಟಾರ್ ಸೈಕಲ್ಲಿನ ಪೆಟ್ಟಿಗೆಯಲ್ಲಿ, ಗೊಬ್ಬರದ ಅಂಗಡಿಯ ರಸೀತಿಗಳ ಕೆಳಗೆ. ಬ್ಯಾಂಕಿನ ಅರ್ಜಿಗೆ ಜೆರಾಕ್ಸ್ ಮಾಡಿಸಲು ತೆಗೆದುಕೊಂಡು ಹೋಗಿದ್ದವನು ಅವನೇ.

ಆ ಮನೆಗೆ ನಾನು ಅನಂತರ ಹೋಗಿದ್ದೆ. ಮನೆಯಲ್ಲಿ ಒಂಬತ್ತು ಜನ. ಬೀಗದ ಕೈ, ಪಡಿತರ ಚೀಟಿ, ಮಾವನವರ ರಕ್ತದೊತ್ತಡದ ಗುಳಿಗೆ, ಮೈದುನನ ಅಂಗಿ, ಹಿರಿಯ ಮಗುವಿನ ಸ್ಲೇಟು, ಯಾವುದು ಬೇಕಾದರೂ ಉಳಿದ ಎಂಟು ಜನರೂ ಆಕೆಯನ್ನೇ ಕೇಳುತ್ತಿದ್ದರು. ಇಡುವವರು ಒಂಬತ್ತು ಜನ, ಹುಡುಕಿಕೊಡುವವಳು ಒಬ್ಬಳು. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 11 ಗ್ರಾಂ ಇರಬೇಕು. ಈಕೆಗೆ ಇದ್ದುದು ಏಳು ಚಿಲ್ಲರೆ. ಬೆಳಗಿನ ಜಾವ ಐದಕ್ಕೆ ಎದ್ದ ಆಕೆ ಮಧ್ಯಾಹ್ನ ಮೂರರವರೆಗೆ ಕುಳಿತುದನ್ನು ತಾನು ಕಂಡಿಲ್ಲವೆಂದು ನೆರೆಮನೆಯ ಅಜ್ಜಿ ಹೇಳಿದರು. ಇಂಥವಳ ನೆನಪು ಎಷ್ಟನ್ನು ಹೊತ್ತೀತು?

2019ರಲ್ಲಿ ಕೇಂದ್ರ ಸರ್ಕಾರವು ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶದಾದ್ಯಂತ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುವರೆಂದು ತಿಳಿದುಬಂದಿತು. ಇದು ಕೈಯ ಕೆಲಸದ ಲೆಕ್ಕ. ನೆನಪಿಟ್ಟುಕೊಳ್ಳುವ ಕೆಲಸಕ್ಕೆ ಯಾರೂ ಗಡಿಯಾರ ಹಿಡಿಯಲಿಲ್ಲ.

ಇನ್ನೊಂದು ಸಂಗತಿಯನ್ನು ಆ ಮನೆಯಲ್ಲಿಯೇ ಕಂಡೆ. ಕೊಟ್ಟಿಗೆಯ ಬಾಗಿಲ ಪಕ್ಕದಲ್ಲಿ ಒಂದು ಮೊಳೆ. ಮೊಳೆಗೆ ನೇತುಹಾಕಿದ ಹಾಲಿನ ಡೈರಿಯ ಪುಸ್ತಕ. ಅದರ ಕೆಳಗೆ ಹಾಲಿನ ಕ್ಯಾನು. "ಈ ಪುಸ್ತಕ ಎಂದಾದರೂ ಕಳೆದಿದೆಯೇ?" ಎಂದು ಕೇಳಿದೆ. ಗಂಡ ನಕ್ಕು, "ಅದು ಹೇಗೆ ಕಳೆಯುತ್ತದೆ ಸಾರ್?" ಎಂದನು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವುದನ್ನು ಆ ಮನೆಯವರು ಮರೆತದ್ದಿಲ್ಲ. ಮೃಗಶಿರೆ ಹೋಗಿ ಆರಿದ್ರೆ ಹುಟ್ಟುವ ದಿನವನ್ನು ಮಾವನವರು ಪಂಚಾಂಗ ನೋಡದೆಯೇ ಹೇಳಬಲ್ಲರು. ಮರೆಯುವುದು ಈ ಮನೆಯವರ ಹುಟ್ಟುಗುಣವಾಗಿದ್ದರೆ ಹಾಲನ್ನೂ ಮರೆಯಬೇಕಾಗಿತ್ತಲ್ಲವೇ? ಹಾಲಿನ ಪುಸ್ತಕಕ್ಕೆ ಒಂದು ಮೊಳೆಯಿದೆ, ಒಂದು ಹೊತ್ತಿದೆ, ಆ ಹೊತ್ತಿಗೆ ಎದುರು ನೋಡುವ ಡೈರಿಯ ಕಾರ್ಯದರ್ಶಿಯೂ ಇದ್ದಾರೆ. ತಾಯಿ ಕಾರ್ಡಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಸೋಮಾರಿತನವೆಂದು ನಾವು ಬೈಯುವುದರಲ್ಲಿ ಬಹುಪಾಲು ಇಷ್ಟೇ ಎಂಬುದು ನನ್ನ ಅಭಿಪ್ರಾಯ.

ಬಹುಪಾಲು ಎಂದೆ, ಎಲ್ಲವೂ ಅಲ್ಲ. ಮೊದಲು ಅಚ್ಚುಕಟ್ಟಾಗಿದ್ದವರು ಕ್ರಮೇಣ ಯಾವುದನ್ನೂ ನಿಭಾಯಿಸಲಾರದಂತಾದರೆ ದಯವಿಟ್ಟು ಬೈಯುವುದನ್ನು ನಿಲ್ಲಿಸಿ ಅವರನ್ನು ಆಸ್ಪತ್ರೆಗೆ ಕರೆತನ್ನಿರಿ. ರಕ್ತಹೀನತೆಯಿಂದ ಸುಸ್ತು, ಮರೆವು, ಕೆಲಸದಲ್ಲಿ ನಿರಾಸಕ್ತಿ ಉಂಟಾಗುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದು ಇದೆ. ಥೈರಾಯ್ಡ್ ಗ್ರಂಥಿ ಮಂದವಾದರೂ ಹೀಗೆಯೇ ಆಗುತ್ತದೆ. ಹೆರಿಗೆಯಾದ ಮೇಲೆ ಎರಡು ವಾರ ಕಳೆದರೂ ಅಳು, ನಿದ್ರೆಗೇಡು, ಮಗುವಿನ ಮೇಲೂ ಮನಸ್ಸಿಲ್ಲದ ಸ್ಥಿತಿ ಮುಂದುವರಿದರೆ ಅದು ಗಾಳಿಯೂ ಅಲ್ಲ, ದೃಷ್ಟಿಯೂ ಅಲ್ಲ. ಅದು ಖಿನ್ನತೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಇನ್ನು ಕೆಲವರಿಗೆ, ಗಂಡಸರಿಗಾಗಲಿ ಹೆಂಗಸರಿಗಾಗಲಿ, ಬಾಲ್ಯದಿಂದಲೇ ಒಂದು ಕೆಲಸದಲ್ಲಿ ಗಮನ ನಿಲ್ಲುವುದಿಲ್ಲ; ಹತ್ತು ಕೆಲಸ ಹಿಡಿದು ಒಂದನ್ನೂ ಮುಗಿಸಲಾರರು. ಇದಕ್ಕೂ ಮನೋವೈದ್ಯರಲ್ಲಿ ಸಹಾಯವಿದೆ. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೂ ಉಚಿತವಾಗಿ ಸಲಹೆ ಸಿಗುತ್ತದೆ. ಗಂಡನ ಕುಡಿತದಿಂದ ಚದುರಿಹೋದ ಮನೆಯಲ್ಲಿ ಹೆಂಡತಿಗೆ ಅಚ್ಚುಕಟ್ಟಿನ ಉಪದೇಶ ಮಾಡುವುದರಿಂದ ಪ್ರಯೋಜನವಿಲ್ಲ. ಅಲ್ಲಿ ಚಿಕಿತ್ಸೆ ಬೇಕಾದದ್ದು ಗಂಡನಿಗೆ.

ಉಳಿದಂತೆ, ಮನೆಯನ್ನೆಲ್ಲ ಒಂದೇ ಭಾನುವಾರ ಸರಿಪಡಿಸಹೊರಡಬೇಡಿರಿ. ನಾನು ಹಾಗೆ ಮಾಡಿ ಸೋತವನು. ನನ್ನ ವಸತಿಗೃಹದಲ್ಲಿ ಸ್ಟೆತಾಸ್ಕೋಪು ದಿಂಬಿನ ಕೆಳಗೆ ಸಿಕ್ಕ ದಿನಗಳುಂಟು. ಇದನ್ನು ನನ್ನ ಪತ್ನಿ ಇಲ್ಲಿದ್ದರೆ ತಮಗೆ ಇನ್ನೂ ವಿಸ್ತಾರವಾಗಿ ಹೇಳುತ್ತಿದ್ದರು. ಒಂದೇ ಒಂದು ಮೊಳೆಯಿಂದ ಆರಂಭಿಸಿರಿ. ಬಾಗಿಲ ಬಳಿ ಮಕ್ಕಳ ಕೈಗೆಟುಕದಷ್ಟು ಎತ್ತರದಲ್ಲಿ ಒಂದು ಬಟ್ಟೆಯ ಚೀಲವನ್ನು ನೇತುಹಾಕಿರಿ. ತಾಯಿ ಕಾರ್ಡು, ರಕ್ತಪರೀಕ್ಷೆ ಮತ್ತು ಸ್ಕ್ಯಾನಿನ ವರದಿಗಳು, ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿಗಳು ಅದರಲ್ಲಿರಲಿ, ಬೇರೇನೂ ಬೇಡ. ಯಾರು ತೆಗೆಯುತ್ತಾರೋ ಅವರೇ ಮರಳಿ ಇಡಬೇಕು. ಈ ನಿಯಮ ಗಂಡಸರಿಗೂ ಅನ್ವಯಿಸುತ್ತದೆ.

ಗುಳಿಗೆಗಳಿಗೂ ಇದೇ ಉಪಾಯ. ಗರ್ಭಿಣಿಗೆ ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಗುಳಿಗೆ ಬೇಕು. ಇಷ್ಟು ದಿನ ನೆನಪಿನ ಬಲದಿಂದಲೇ ನುಂಗುವುದು ಯಾರಿಗೂ ಸುಲಭವಲ್ಲ. ರಾತ್ರಿಯ ಊಟದ ನಂತರ ಗಂಡನೇ ನೀರಿನ ಲೋಟದೊಡನೆ ಕೊಟ್ಟರೆ ತಪ್ಪುವುದಿಲ್ಲ. ಕಾಫಿ, ಟೀ, ಹಾಲಿನೊಡನೆ ಬೇಡ. ಅದರ ಸತ್ವ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಈ ಗುಳಿಗೆಯನ್ನು ಚಿಕ್ಕ ಮಕ್ಕಳು ಮಿಠಾಯಿಯೆಂದು ನುಂಗಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಇದನ್ನೂ ಎತ್ತರದಲ್ಲಿಯೇ ಇಡಿರಿ.

ಮಗುವಿನ ಲಸಿಕೆಗಳಾದರೋ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಅನಂತರ ಒಂಬತ್ತು ತಿಂಗಳು ತುಂಬಿದಾಗ. ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಮಗು ಹುಟ್ಟಿದ ವಾರದಲ್ಲಿಯೇ ಸುತ್ತು ಹಾಕಿಬಿಡಿರಿ. ಸುತ್ತು ಹಾಕುವ ಕೆಲಸವನ್ನು ತಂದೆ ವಹಿಸಿಕೊಳ್ಳಲಿ. ದಿನ ತಪ್ಪಿದರೆ ಬೈಗುಳಕ್ಕೆ ಹೆದರಿ ಮನೆಯಲ್ಲಿಯೇ ಉಳಿಯಬೇಡಿರಿ, ತಡವಾಗಿಯಾದರೂ ಕರೆತನ್ನಿರಿ.

ಈಗ ತಾವು ನಿರೀಕ್ಷಿಸಿದ್ದ ವಿಚಾರ. ಮಕ್ಕಳ ನಡುವೆ ಅಂತರವಿಡುವ ವಿಧಾನವನ್ನು ಆರಿಸುವಾಗ ದಂಪತಿಗಳು ತಮ್ಮ ಮನೆಯ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾಲಾ-ಎನ್ ಗುಳಿಗೆಯನ್ನು ದಿನವೂ ನುಂಗಬೇಕು. ಛಾಯಾ ಗುಳಿಗೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಆಮೇಲೆ ವಾರಕ್ಕೆ ಒಂದು ಬಾರಿ. ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಇವೆಲ್ಲವೂ ಒಳ್ಳೆಯವೇ, ಆದರೆ ದಿನ ತಪ್ಪಿದರೆ ರಕ್ಷಣೆಯೂ ತಪ್ಪೀತು. ಗುಳಿಗೆ ನಿಲ್ಲುವುದಿಲ್ಲವೆಂದು ಅನುಭವದಿಂದ ತಿಳಿದಿದ್ದರೆ ನಾಚಿಕೆಯಿಲ್ಲದೆ ಹೇಳಿರಿ. ಒಮ್ಮೆ ಅಳವಡಿಸಿದರೆ ಬಗೆಗನುಗುಣವಾಗಿ ಐದು ಅಥವಾ ಹತ್ತು ವರ್ಷ ಕೆಲಸ ಮಾಡುವ ಕಾಪರ್-ಟಿ ಇದೆ. ಇನ್ನು ಮಕ್ಕಳು ಬೇಡವೆಂದು ಇಬ್ಬರೂ ನಿಶ್ಚಯಿಸಿದ್ದರೆ ಗಂಡಸರಿಗೆ ಹೊಲಿಗೆಯಿಲ್ಲದ, ಅದೇ ದಿನ ಮನೆಗೆ ಹೋಗಬಹುದಾದ ಸಣ್ಣ ಶಸ್ತ್ರಚಿಕಿತ್ಸೆಯಿದೆ. ಅದರ ನಂತರ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯಪರೀಕ್ಷೆ ಮಾಡಿಸಬೇಕು. ಆಯ್ಕೆ ತಮ್ಮದು. ತಮ್ಮ ಆರೋಗ್ಯಕ್ಕೆ ಯಾವುದು ಹೊಂದುತ್ತದೆಂದು ಪರೀಕ್ಷಿಸಿ ಹೇಳುವುದು ನಮ್ಮ ಕೆಲಸ.

ಆ ದಂಪತಿಗಳನ್ನು ನಾನು ಕೊನೆಯದಾಗಿ ಕಂಡದ್ದು ಮಗುವಿನ ಒಂಬತ್ತು ತಿಂಗಳ ಲಸಿಕೆಯ ದಿನ. ಮಗುವನ್ನು ಎತ್ತಿಕೊಂಡು ಆಕೆ ಬೆಂಚಿನ ಮೇಲೆ ಕುಳಿತಿದ್ದಳು. ಹಿಮೋಗ್ಲೋಬಿನ್ ಹತ್ತೂವರೆಗೆ ಏರಿತ್ತು. ಸಾಲಿನಲ್ಲಿ ನಿಂತವನು ಗಂಡ. ನಾನು ಕೇಳುವ ಮುನ್ನವೇ ಕಾರ್ಡನ್ನು ಮೇಜಿನ ಮೇಲಿಟ್ಟನು. ಅದರ ಒಂದು ಮೂಲೆ ಹಾಲು ತಾಗಿ ಮುದುರಿತ್ತು, ಕಾರ್ಡಿಗೆಲ್ಲ ಕೊಟ್ಟಿಗೆಯ ವಾಸನೆ ಹಿಡಿದಿತ್ತು. ಡೈರಿಯ ಪುಸ್ತಕದ ಮೊಳೆಗೇ ಅದನ್ನೂ ನೇತುಹಾಕಿದ್ದರಂತೆ.