ಕಾಯಿ ಕದ್ದವನೂ ಪಿಎಚ್.ಡಿ. ಅರ್ಜಿಯೂ



ಅಪರಾಧ ಮತ್ತು ನ್ಯಾಯದ ವಿಷಯದಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕಲು ಹೊರಟ ನಮ್ಮ ಮಕ್ಕಳು ಮೊದಲು ವಿಚಾರಿಸುವುದು ಅಂಕ, ನೆಟ್ ಪರೀಕ್ಷೆ, ಸಂದರ್ಶನ. ಅವೆಲ್ಲ ಬೇಕು. ಓದಲು ಜಾಗವೂ ಉಂಟು: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ವಿಭಾಗವೇ ಇದೆ. ಆದರೆ ಅರ್ಜಿಯ ಜೀವವಿರುವುದು ನೀವು ಎತ್ತುವ ಪ್ರಶ್ನೆಯಲ್ಲಿ.

ಅಂಥ ಪ್ರಶ್ನೆ ತಿಪಟೂರಿನ ತೆಂಗಿನ ತೋಟಗಳಲ್ಲೇ ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮನ್ನು ಓದಿ. ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಮೊದಲ ಸಲ ಶಿಕ್ಷೆಗೊಳಗಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯೇ, ಅಂದರೆ ಸಂಬಳವಿಲ್ಲದೆ ಸಮಾಜಕ್ಕಾಗಿ ದುಡಿಯುವುದೇ, ಶಿಕ್ಷೆ. ಒಂದು ಚೀಲ ಕಾಯಿ ಕದ್ದವನಿಗೂ ಇದು ಅನ್ವಯಿಸಬಹುದು. ಅವನು ಎಲ್ಲಿ ದುಡಿಯಬೇಕು? ನೋಡಿಕೊಳ್ಳುವವರು ಯಾರು? ಧಾರಣೆ ಏರಿ ಅದೇ ಮಾಲು 5,000 ದಾಟಿದರೆ? ಎಲ್ಲಕ್ಕಿಂತ ಮುಖ್ಯವಾಗಿ, ವರ್ಷವಿಡೀ ಮರ ಸಾಕಿದ ರೈತನಿಗೆ ನ್ಯಾಯ ಸಿಕ್ಕಿತು ಅನ್ನಿಸುತ್ತದೆಯೇ?

ಪಕ್ಕದ ತುರುವೇಕೆರೆಯ ಅಥವಾ ಚಿಕ್ಕನಾಯಕನಹಳ್ಳಿಯ ಹುಡುಗಿಯೊಬ್ಬಳು ಈ ಪ್ರಶ್ನೆಯನ್ನೇ ಸಂಶೋಧನಾ ಪ್ರಸ್ತಾವವಾಗಿ ಬರೆಯಲಿ ಎಂಬುದು ನನ್ನ ಆಸೆ. ಈ ತೋಟಗಳನ್ನು ಅವಳಷ್ಟು ಬಲ್ಲವರು ದೊಡ್ಡ ನಗರಗಳಲ್ಲಿ ಸಿಗುವುದು ಕಷ್ಟ. ಬರೆಯುವ ಮುನ್ನ ಕೆಲವು ದಿನ ತಾಲ್ಲೂಕು ಕೋರ್ಟಿನಲ್ಲಿ ಕುಳಿತು ವಿಚಾರಣೆ ಕೇಳಮ್ಮ; ವಕೀಲರನ್ನೂ ತೋಟದವರನ್ನೂ ಮಾತನಾಡಿಸು.