ವೆರ್ಗಿನಾದ ದಿಬ್ಬ ಮತ್ತು ಅದರೊಳಗಿನ ಒಂದು ಕುಟುಂಬ

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಇತಿಹಾಸದ ಬಗ್ಗೆ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಇತಿಹಾಸ ಎಂದ ಕೂಡಲೇ ಮಕ್ಕಳಿಗೆ ನೆನಪಾಗುವುದು ಇಸವಿಗಳು. ಈ ದಿನ ಇಸವಿಗಳು ಕಡಿಮೆ ಇರಲಿ. ಒಂದು ಮಣ್ಣಿನ ದಿಬ್ಬದ ಕಥೆ ಹೇಳುತ್ತೇನೆ. ಅದು ಗ್ರೀಸ್ ದೇಶದ್ದು. ಆದರೆ ಅದರೊಳಗೆ ಮಲಗಿದ್ದವರ ಸಂಬಂಧಿಕನೊಬ್ಬನನ್ನು ನೀವು ಚೆನ್ನಾಗಿ ಬಲ್ಲಿರಿ. ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಡದಲ್ಲಿ ಪೋರಸ್ ರಾಜನೊಂದಿಗೆ ಯುದ್ಧ ಮಾಡಿದ ಅಲೆಕ್ಸಾಂಡರ್. ಅವನ ಮನೆತನದ ಗೋರಿಗಳು ಸಿಕ್ಕಿದ ಕಥೆ ಇದು.

ಗ್ರೀಸಿನ ಉತ್ತರ ಭಾಗದಲ್ಲಿ ವೆರ್ಗಿನಾ ಎಂಬ ಹಳ್ಳಿ ಇದೆ. ಒಕ್ಕಲುತನದ ಸಾಧಾರಣ ಊರು. ಈ ಹೆಸರಿನ ಊರು ಆದದ್ದೇ 1920ರ ದಶಕದಲ್ಲಿ. ಗ್ರೀಸ್ ಮತ್ತು ಟರ್ಕಿ ನಡುವೆ ಯುದ್ಧವಾಗಿ, ಲಕ್ಷಾಂತರ ಜನ ಮನೆಮಾರು ಬಿಟ್ಟು ಗಡಿ ದಾಟಿದರು. ಅಂಥ ಕೆಲವು ನಿರಾಶ್ರಿತ ಕುಟುಂಬಗಳಿಗೆ ಸರ್ಕಾರ ಅಲ್ಲಿ ಜಮೀನು ಹಂಚಿತು. ಊರಿನ ಪಕ್ಕದಲ್ಲೇ ಒಂದು ದೊಡ್ಡ ದಿಬ್ಬವಿತ್ತು: ಸುಮಾರು 110 ಮೀಟರ್ ಅಗಲ, 12 ಮೀಟರ್ ಎತ್ತರ. ಗುಡ್ಡಕ್ಕೆ ಇಷ್ಟು ದುಂಡನೆಯ ಆಕಾರ ತಾನಾಗಿ ಬರುವುದಿಲ್ಲ. ಇದು ಮನುಷ್ಯರು ಮಣ್ಣು ಹೊತ್ತು ಹಾಕಿದ ದಿಬ್ಬ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ಯಾರು ಹಾಕಿದರು, ಯಾಕೆ ಹಾಕಿದರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಈಗ ಗುರು ಶಿಷ್ಯರ ಮಾತಿಗೆ ಬರುತ್ತೇನೆ. ಹತ್ತಿರದ ಥೆಸಲೊನೀಕಿ ನಗರದ ವಿಶ್ವವಿದ್ಯಾಲಯದಲ್ಲಿ ಕಾನ್‌ಸ್ಟಂಟೈನ್ ರೊಮಾಯೊಸ್ ಎಂಬ ಪ್ರಾಧ್ಯಾಪಕರಿದ್ದರು. ಅವರು 1937ರಲ್ಲಿ ವೆರ್ಗಿನಾದ ಹಳೆಯ ಅರಮನೆಯ ಅವಶೇಷಗಳನ್ನು ಅಗೆಯಲು ಶುರುಮಾಡಿದರು. ಅವರ ಜೊತೆ ಕೆಲಸಕ್ಕೆ ಹೋದ ವಿದ್ಯಾರ್ಥಿಗಳಲ್ಲಿ ಮನೋಲಿಸ್ ಆಂಡ್ರೊನಿಕೋಸ್ ಎಂಬ ಹುಡುಗನೂ ಇದ್ದ. ಅವನು ಹುಟ್ಟಿದ್ದು ಟರ್ಕಿಯ ಬುರ್ಸಾದಲ್ಲಿ. ಅವನ ಮನೆಯವರೂ ಊರು ಬಿಟ್ಟು ಬಂದವರೇ. 1940ರಲ್ಲಿ ಯುದ್ಧ ಬಂದು ಉತ್ಖನನ ನಿಂತಿತು. ಆ ಹುಡುಗ ಮುಂದೆ ತಾನೂ ಪುರಾತತ್ವಜ್ಞನಾಗಿ 1952ರಲ್ಲಿ ಅದೇ ಊರಿಗೆ ಹಿಂದಿರುಗಿದ. ಸುತ್ತಲಿನ ನೂರಾರು ಸಣ್ಣ ದಿಬ್ಬಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ. ದೊಡ್ಡ ದಿಬ್ಬದಲ್ಲೂ ಪರೀಕ್ಷೆಗೆಂದು ಅಗೆದ. ಗೋರಿ ಸಿಗಲಿಲ್ಲ.

ಈ ನಡುವೆ 1968ರಲ್ಲಿ ಹ್ಯಾಮಂಡ್ ಎಂಬ ಇಂಗ್ಲಿಷ್ ವಿದ್ವಾಂಸರು ಹೊಸ ಮಾತೊಂದನ್ನು ಹೇಳಿದರು. ಮ್ಯಾಸಿಡೋನಿಯಾ ರಾಜರ ಹಳೆಯ ರಾಜಧಾನಿ ಐಗಾಯ್ ಇದ್ದದ್ದು ಎಲ್ಲರೂ ತಿಳಿದಿದ್ದ ಎಡೆಸ್ಸಾದಲ್ಲಿ ಅಲ್ಲ, ಈ ವೆರ್ಗಿನಾದಲ್ಲಿ ಎಂದರು. ಆ ಮನೆತನದ ರಾಜರನ್ನೆಲ್ಲ ಐಗಾಯ್‌ನಲ್ಲೇ ಮಣ್ಣು ಮಾಡಬೇಕು, ಅದು ತಪ್ಪಿದ ದಿನ ವಂಶ ಮುಗಿಯುತ್ತದೆ ಎಂಬ ನಂಬಿಕೆ ಇತ್ತೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಹ್ಯಾಮಂಡ್ ಹೇಳಿದ್ದು ನಿಜವಾದರೆ ರಾಜರ ಗೋರಿಗಳು ಇಲ್ಲೇ ಎಲ್ಲೋ ಇರಬೇಕು.

1976ರಲ್ಲಿ ಆಂಡ್ರೊನಿಕೋಸ್ ಮತ್ತೆ ದೊಡ್ಡ ದಿಬ್ಬಕ್ಕೆ ಕೈಹಾಕಿದರು. ದಿಬ್ಬದ ಮಣ್ಣಿನಲ್ಲಿ ಒಡೆದ ಸಮಾಧಿ ಕಲ್ಲುಗಳ ಚೂರುಗಳು ಸಿಕ್ಕಿದವು. ಬೇರೆಯವರಾಗಿದ್ದರೆ ಬರೀ ಕಲ್ಲು ಎಂದು ಬದಿಗಿಡುತ್ತಿದ್ದರೇನೋ. ಅವರಿಗೆ ಪ್ಲೂಟಾರ್ಕ್ ಬರೆದದ್ದು ನೆನಪಿತ್ತು. ಪಿರ್ರಸ್ ಎಂಬ ರಾಜನ ಕೂಲಿ ಸೈನಿಕರಾದ ಗಾಲ್ ಜನ ಐಗಾಯ್‌ನ ರಾಜರ ಗೋರಿಗಳನ್ನು ಒಡೆದು ದೋಚಿದರು ಎಂದು ಅವನು ಬರೆದಿದ್ದಾನೆ. ಅದು ನಡೆದದ್ದು ಕ್ರಿ.ಪೂ. 274ರ ಸುಮಾರಿಗೆ. ಹಾಗೆ ಒಡೆದುಹೋದ ಸ್ಮಶಾನದ ಕಲ್ಲುಗಳೇ ಇವು. ಉಳಿದ ಗೋರಿಗಳನ್ನಾದರೂ ಕಾಪಾಡಲು ಮುಂದಿನ ರಾಜ ಈ ಚೂರುಗಳನ್ನೂ ಸೇರಿಸಿ ದಿಬ್ಬ ಹಾಕಿಸಿದ್ದಾನೆ ಎಂದು ಅವರು ಊಹಿಸಿದರು. ಒಡೆದ ಕಲ್ಲಿನ ಚೂರು ಚಿನ್ನಕ್ಕಿಂತ ಹೆಚ್ಚು ದಾರಿ ತೋರಿಸಿತು.

1977ರಲ್ಲಿ ಮೊದಲು ಒಂದು ಗೋರಿ ಸಿಕ್ಕಿತು. ಹಳೆಯ ಕಾಲದಲ್ಲೇ ಕಳ್ಳರು ಅದನ್ನು ಬರಿದು ಮಾಡಿದ್ದರು. ಗೋಡೆಯ ಮೇಲಿನ ಚಿತ್ರವನ್ನು ಮಾತ್ರ ಒಯ್ಯಲಾಗಿರಲಿಲ್ಲ. ಪಾತಾಳದ ದೇವರಾದ ಹೇಡೀಸ್, ಪರ್ಸೆಫೊನಿ ಎಂಬ ಕನ್ಯೆಯನ್ನು ರಥದಲ್ಲಿ ಎತ್ತಿಕೊಂಡು ಹೋಗುವ ಚಿತ್ರ ಅದು. ಅದರ ಪಕ್ಕದಲ್ಲೇ ಇನ್ನೊಂದು ದೊಡ್ಡ ಗೋರಿ. ಮುಂಭಾಗದಲ್ಲಿ ಐದೂವರೆ ಮೀಟರ್ ಉದ್ದದ ಬೇಟೆಯ ಚಿತ್ರ. ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

ನವೆಂಬರ್ 8ರಂದು ಒಳಗೆ ಇಳಿದರು. ಹೇಗೆ ಇಳಿದರು ಗೊತ್ತೇ? ಕಮಾನು ಚಾವಣಿಯ ಹಿಂಭಾಗದ ಒಂದು ಕಲ್ಲನ್ನು ತೆಗೆದು, ಏಣಿ ಇಟ್ಟು ಇಳಿದರು. ಹಿಂದಿನ ಗೋರಿ ಕಳ್ಳರೂ ಹೀಗೇ ಇಳಿಯುತ್ತಿದ್ದರು. ದಾರಿ ಒಂದೇ, ಇಳಿದ ಮೇಲಿನ ನಡತೆ ಬೇರೆ. ಇವರು ಪ್ರತಿಯೊಂದು ವಸ್ತು ಎಲ್ಲಿ ಬಿದ್ದಿತ್ತೋ ಅಲ್ಲೇ ಅದರ ಫೋಟೋ ತೆಗೆದರು, ನಕ್ಷೆ ಬರೆದರು, ಆಮೇಲೆ ಮುಟ್ಟಿದರು. ಕೊಳೆತು ಹೋದ ಮರದ ಮಂಚವೊಂದರ ಮೇಲಿದ್ದ ಪುಟ್ಟ ಪುಟ್ಟ ದಂತದ ಮುಖಗಳು ನೆಲದ ಮೇಲೆ ಚೆಲ್ಲಿದ್ದವು. ಅವಸರದ ಕಾಲಡಿ ಅವು ಪುಡಿಯಾಗುತ್ತಿದ್ದವು. ಅಂಥ ಎಚ್ಚರದಿಂದ ಎತ್ತಿದ್ದಕ್ಕೆ ಈಗ ಅವುಗಳಲ್ಲಿ ಫಿಲಿಪ್, ಅಲೆಕ್ಸಾಂಡರರ ಮುಖಗಳನ್ನು ವಿದ್ವಾಂಸರು ಗುರುತಿಸುತ್ತಾರೆ.

ಅಮೃತಶಿಲೆಯ ತೊಟ್ಟಿಯ ಮುಚ್ಚಳ ಎತ್ತಿದಾಗ ಒಳಗೆ ಚಿನ್ನದ ಪೆಟ್ಟಿಗೆ. ಅದರ ಮೇಲೆ ಹದಿನಾರು ಕಿರಣಗಳ ನಕ್ಷತ್ರ. ಪೆಟ್ಟಿಗೆಯೊಳಗೆ ಸುಟ್ಟ ಮೂಳೆಗಳು, ಅವುಗಳ ಮೇಲೆ ಓಕ್ ಎಲೆಗಳ ಚಿನ್ನದ ಕಿರೀಟ. ಅದರಲ್ಲಿ 313 ಎಲೆ, 68 ಕಾಯಿ ಉಳಿದಿವೆ. ಹೊರಗಿನ ಕೋಣೆಯಲ್ಲಿ ಇನ್ನೊಂದು ಚಿನ್ನದ ಪೆಟ್ಟಿಗೆ. ಚಿನ್ನದೆಳೆಯ ನೇರಳೆ ವಸ್ತ್ರದಲ್ಲಿ ಸುತ್ತಿಟ್ಟ ಒಬ್ಬ ಹೆಂಗಸಿನ ಮೂಳೆಗಳು. ಮರುವರ್ಷ ಮೂರನೆಯ ಗೋರಿ ತೆರೆದರು. ಅಲ್ಲಿ ಬೆಳ್ಳಿಯ ಕೊಡದಲ್ಲಿ ಹದಿಹರೆಯದ ಹುಡುಗನೊಬ್ಬನ ಮೂಳೆಗಳಿದ್ದವು.

ಇವರೆಲ್ಲ ಯಾರು? ಎರಡನೆಯ ಗೋರಿ ಅಲೆಕ್ಸಾಂಡರನ ತಂದೆ ಎರಡನೆಯ ಫಿಲಿಪ್‌ನದು ಎಂದು ಆಂಡ್ರೊನಿಕೋಸ್ ಹೇಳಿದರು. ಫಿಲಿಪ್ ಕ್ರಿ.ಪೂ. 336ರಲ್ಲಿ ಇದೇ ಐಗಾಯ್‌ನ ರಂಗಮಂದಿರದಲ್ಲಿ, ಮಗಳ ಮದುವೆಯ ಸಂಭ್ರಮದಲ್ಲಿ, ತನ್ನದೇ ಅಂಗರಕ್ಷಕನಿಂದ ಕೊಲೆಯಾದವನು. ಆದರೆ ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಅದು ಅಲೆಕ್ಸಾಂಡರನ ಮಲಸಹೋದರ ಅರ್ಹಿಡೇಯಸ್ ಮತ್ತು ಅವನ ಹೆಂಡತಿಯದು ಎನ್ನುವವರಿದ್ದಾರೆ. ಫಿಲಿಪ್ ಯುದ್ಧದಲ್ಲಿ ಬಲಗಣ್ಣು ಕಳೆದುಕೊಂಡಿದ್ದ. ಆ ಗಾಯದ ಗುರುತು ತಲೆಬುರುಡೆಯಲ್ಲಿದೆ ಎಂದು ಒಂದು ತಂಡ ಹೇಳಿತು. ಇಲ್ಲ ಎಂದು 2000ದಲ್ಲಿ ಇನ್ನೊಬ್ಬರು ವಾದಿಸಿದರು. 2015ರಲ್ಲಿ ಮೊದಲನೆಯ ಗೋರಿಯ ಗಂಡಸಿನ ಮೊಣಕಾಲಿನ ಮೂಳೆ ಗಾಯದಿಂದ ಬೆಸೆದುಕೊಂಡಿದೆ, ಫಿಲಿಪ್ ಕುಂಟುತ್ತಿದ್ದ, ಆದ್ದರಿಂದ ಅವನೇ ಇವನು ಎಂಬ ವಾದ ಬಂತು. ಚರ್ಚೆ ಇನ್ನೂ ಮುಗಿದಿಲ್ಲ. ಮಕ್ಕಳೇ, ಇದನ್ನು ನೆನಪಿಡಿ. ಸಾಕ್ಷಿ ಇಟ್ಟು ಒಬ್ಬರು ಹೇಳಿದ್ದನ್ನು ಸಾಕ್ಷಿ ಇಟ್ಟು ಇನ್ನೊಬ್ಬರು ಪ್ರಶ್ನಿಸಬಹುದು. ಅದರಿಂದ ಮೊದಲಿನವರ ಮರ್ಯಾದೆಗೆ ಕುಂದಿಲ್ಲ.

ಮೂರನೆಯ ಗೋರಿಯ ಹುಡುಗ ಅಲೆಕ್ಸಾಂಡರನ ಮಗ ನಾಲ್ಕನೆಯ ಅಲೆಕ್ಸಾಂಡರ್ ಎಂಬುದರಲ್ಲಿ ಹೆಚ್ಚಿನವರಿಗೆ ಒಮ್ಮತವಿದೆ. ತಂದೆ ತೀರಿಕೊಂಡ ಮೇಲೆ ಹುಟ್ಟಿದ ಮಗು. ಹುಟ್ಟಿದಂದೇ ರಾಜ. ಕ್ರಿ.ಪೂ. 310ರ ಸುಮಾರಿಗೆ ಕಸಾಂಡರ್ ಎಂಬ ಸೇನಾಪತಿ ಅವನನ್ನೂ ಅವನ ತಾಯಿ ರೊಕ್ಸಾನಾಳನ್ನೂ ಕೊಲ್ಲಿಸಿದ. ಆಗ ಹುಡುಗನಿಗೆ ನಮ್ಮ ಹೈಸ್ಕೂಲು ಮಕ್ಕಳ ವಯಸ್ಸು. ಇದೇ ಕಸಾಂಡರ್ ಫಿಲಿಪ್‌ನ ಇನ್ನೊಬ್ಬ ಮಗಳನ್ನು ಮದುವೆಯಾಗಿ, ಅವಳ ಹೆಸರಿನಲ್ಲಿ ಕಟ್ಟಿದ ಪಟ್ಟಣವೇ ಥೆಸಲೊನೀಕಿ. ಆಂಡ್ರೊನಿಕೋಸ್ ಪಾಠ ಹೇಳುತ್ತಿದ್ದ ಆ ಊರಿನ ವಿಶ್ವವಿದ್ಯಾಲಯಕ್ಕೆ ಅರಿಸ್ಟಾಟಲ್‌ನ ಹೆಸರು. ಅವನು ಅಲೆಕ್ಸಾಂಡರನ ಗುರು. ಇನ್ನು ಅಲೆಕ್ಸಾಂಡರ್? ಅವನು ಬ್ಯಾಬಿಲೋನಿನಲ್ಲಿ ಸತ್ತ. ದೇಹವನ್ನು ಈಜಿಪ್ಟಿಗೆ ಒಯ್ದರು. ಅವನ ಗೋರಿ ಇವತ್ತಿಗೂ ಸಿಕ್ಕಿಲ್ಲ. ಜಗತ್ತನ್ನು ಗೆಲ್ಲಲು ಹೊರಟವನಿಗೆ ಹಿರಿಯರ ಪಕ್ಕದಲ್ಲಿ ಆರಡಿ ಜಾಗ ದಕ್ಕಲಿಲ್ಲ. ಹಳೆಯ ನಂಬಿಕೆಯೋ, ಕಾಕತಾಳೀಯವೋ, ಅವನಾದ ಮೇಲೆ ಹದಿನೈದು ವರ್ಷದೊಳಗೆ ವಂಶ ಮುಗಿಯಿತು.

ಆಂಡ್ರೊನಿಕೋಸ್ 1992ರಲ್ಲಿ ತೀರಿಕೊಂಡರು. ಅವರ ಜೊತೆ ಕೆಲಸ ಕಲಿತ ಆಂಜೆಲಿಕಿ ಕೊತ್ತರೀದಿ ಎಂಬ ವಿದುಷಿ ಉತ್ಖನನ ಮುಂದುವರಿಸಿದರು. 1996ರಲ್ಲಿ ಆ ತಾಣ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗೋರಿಗಳ ಮೇಲೆ ಮೊದಲಿನ ಆಕಾರದಲ್ಲೇ ದಿಬ್ಬವನ್ನು ಮತ್ತೆ ಎಬ್ಬಿಸಿದ್ದಾರೆ. ಅದರ ಹೊಟ್ಟೆಯೊಳಗೇ ವಸ್ತುಸಂಗ್ರಹಾಲಯವಿದೆ. ರೊಮಾಯೊಸ್ ಗುದ್ದಲಿ ಹಾಕಿದ ಅರಮನೆ ದುರಸ್ತಿಯಾಗಿ 2024ರ ಜನವರಿಯಲ್ಲಿ ಜನರ ನೋಟಕ್ಕೆ ತೆರೆಯಿತು. ಗುರು ಆರಂಭಿಸಿದ್ದು, ಶಿಷ್ಯ ಕಂಡದ್ದು, ಶಿಷ್ಯನ ಶಿಷ್ಯೆ ನಿಲ್ಲಿಸಿದ್ದು. ಎಂಬತ್ತಕ್ಕೂ ಹೆಚ್ಚು ವರ್ಷದ ಕೆಲಸ. ಐವತ್ತು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಹೇಳಲು ಇದಕ್ಕಿಂತ ಒಳ್ಳೆಯ ಮಾತು ನನಗೆ ಹೊಳೆಯಲಿಲ್ಲ.

ಊರಿನ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಕಡೆಯೂ ನಿಧಿಯ ಆಸೆಗೆ ಗುಡಿಯ ಪಾಯ ಅಗೆಯುವವರು, ಅಮಾವಾಸ್ಯೆ ರಾತ್ರಿ ಪೂಜೆ ಮಾಡಿ ಗುಂಡಿ ತೋಡುವವರು ಇದ್ದಾರೆ. ವೆರ್ಗಿನಾದ ಕಳ್ಳರಿಗೆ ಸಿಕ್ಕಿದ ಚಿನ್ನ ಕರಗಿ ಎಲ್ಲಿಗೋ ಹೋಯಿತು. ಆ ಗೋರಿ ಯಾರದೆಂದು ಗಟ್ಟಿಯಾಗಿ ಹೇಳಲಾಗದಂತೆ ಆಯಿತು. ಕಳ್ಳರ ಕೈಗೆ ಸಿಗದ ಗೋರಿಗಳಿಂದ ಆ ಸಣ್ಣ ಹಳ್ಳಿಗೆ ಜಗತ್ತೇ ಬರುತ್ತಿದೆ. ಹೊಲ ಉಳುವಾಗ ಕೆತ್ತನೆಯ ಕಲ್ಲೋ, ಮಡಕೆಯೋ, ಬರಹವೋ ಸಿಕ್ಕರೆ ಅಲ್ಲೇ ಬಿಟ್ಟು ಶಾಲೆಯ ಮೇಷ್ಟ್ರಿಗೆ, ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ. ವಸ್ತು ಸಿಕ್ಕಿದ ಜಾಗವೇ ಅದರ ಅರ್ಧ ಇತಿಹಾಸ.

ವಿದ್ಯಾರ್ಥಿಗಳೇ, ನೀವು ಈ ಶಾಲೆಯಿಂದಲೇ ಶುರುಮಾಡಿ. ಮೊದಲ ವರ್ಷದ ದಾಖಲಾತಿ ಪುಸ್ತಕ, ಹಳೆಯ ಗುಂಪು ಫೋಟೋಗಳು ಎಲ್ಲಿವೆ ಹುಡುಕಿ. ಫೋಟೋದಲ್ಲಿರುವವರ ಹೆಸರನ್ನು ಅಜ್ಜ ಅಜ್ಜಿಯರನ್ನು ಕೇಳಿ ಹಿಂಬದಿಯಲ್ಲಿ ಬರೆದಿಡಿ. ಹೇಳುವವರು ಇರುವಾಗಲೇ ಕೇಳಬೇಕು.